‘ಫೆನ್ಸಸ್’ ನಾಟಕ, ಬೇಸ್‌ಬಾಲ್, ತಲೆಮಾರು: ಹುಟ್ಟಿದ ವರ್ಷ ಮುಖ್ಯವೋ, ಬಾಗಿಲು ತೆರೆದ ವರ್ಷ ಮುಖ್ಯವೋ?

ಹಿತ್ತಿಲಬೇಲಿ

ಈಗ ಎಲ್ಲಿ ಹೋದರೂ ಬೂಮರ್, ಜೆನ್ ಎಕ್ಸ್, ಮಿಲೆನಿಯಲ್, ಜೆನ್ ಝೀ ಮಾತೇ. 1946ರಿಂದ 64ರೊಳಗೆ ಹುಟ್ಟಿದ್ದರೆ ಬೂಮರ್, 80ರವರೆಗೆ ಜೆನ್ ಎಕ್ಸ್, 96ರವರೆಗೆ ಮಿಲೆನಿಯಲ್, ಆಮೇಲಿನವರು ಜೆನ್ ಝೀ. ಈ ಗೆರೆಗಳನ್ನು ಊರೆಲ್ಲ ಹಬ್ಬಿಸಿದ ಪ್ಯೂ ಸಂಶೋಧನಾ ಕೇಂದ್ರವೇ 2023ರಲ್ಲಿ, ಈ ಹಣೆಪಟ್ಟಿಗಳನ್ನು ಇನ್ನು ಮುಂದೆ ಎಚ್ಚರದಿಂದ ಬಳಸುತ್ತೇವೆ ಅಂದಿತು. ಜನ ಮಾತ್ರ ಬಿಟ್ಟಿಲ್ಲ. ಜಾತಕ ನೋಡುವ ಹಾಗೆ ಹುಟ್ಟಿದ ವರ್ಷ ಕೇಳಿ ಸ್ವಭಾವ ಹೇಳುತ್ತಾರೆ.

ನನಗೆ ಈ ಲೆಕ್ಕದ ಮೇಲಿನ ನಂಬಿಕೆ ಹೋದದ್ದು ಅಮೆರಿಕದ ಕಪ್ಪು ನಾಟಕಕಾರ ಆಗಸ್ಟ್ ವಿಲ್ಸನ್ ಅವರ ‘ಫೆನ್ಸಸ್’ ಓದಿದ ಮೇಲೆ. 1987ರಲ್ಲಿ ನ್ಯೂಯಾರ್ಕ್‌ನ ಬ್ರಾಡ್‌ವೇ ರಂಗಕ್ಕೆ ಬಂದು ಅದೇ ವರ್ಷ ಪುಲಿಟ್ಜರ್ ಪಡೆದ ನಾಟಕ. 2016ರಲ್ಲಿ ಡೆನ್ಜೆಲ್ ವಾಷಿಂಗ್ಟನ್ ಸಿನಿಮಾ ಮಾಡಿದ್ದರಿಂದ ಹಲವರು ನೋಡಿರಬಹುದು. ನೋಡದವರಿಗಾಗಿ ಸ್ವಲ್ಪ ಹೇಳುತ್ತೇನೆ.

1957, ಪಿಟ್ಸ್‌ಬರ್ಗ್. ಟ್ರಾಯ್ ಮ್ಯಾಕ್ಸನ್‌ಗೆ 53 ವರ್ಷ. ಕಸದ ಲಾರಿಯ ಹಿಂದೆ ನಿಂತು ಡಬ್ಬ ಎತ್ತಿ ಸುರಿಯುವ ಕೆಲಸ. ಒಂದು ಕಾಲಕ್ಕೆ ನೀಗ್ರೋ ಲೀಗ್‌ಗಳಲ್ಲಿ ಹೆಸರು ಮಾಡಿದ ಬ್ಯಾಟರ್. 1880ರ ದಶಕದಿಂದ 1947ರವರೆಗೆ ಅಮೆರಿಕದ ಅತ್ಯುನ್ನತ ಬೇಸ್‌ಬಾಲ್ ಪಂದ್ಯಾವಳಿಯಾದ ಮೇಜರ್ ಲೀಗ್‌ನಲ್ಲಿ ಕಪ್ಪು ಜನರಿಗೆ ಜಾಗವೇ ಇರಲಿಲ್ಲ, ಅದಕ್ಕೇ ಅವರದ್ದೇ ಬೇರೆ ಲೀಗ್‌ಗಳಿದ್ದವು. 1947ರ ಏಪ್ರಿಲ್ 15ರಂದು ಬ್ರೂಕ್ಲಿನ್‌ನ ಎಬೆಟ್ಸ್ ಫೀಲ್ಡ್‌ನಲ್ಲಿ ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಕಣಕ್ಕಿಳಿದು ಆ ಗೋಡೆ ಒಡೆದಾಗ ಟ್ರಾಯ್‌ಗೆ ನಲವತ್ತು ದಾಟಿತ್ತು. ‘ನೀನು ಸ್ವಲ್ಪ ಬೇಗ ಹುಟ್ಟಿಬಿಟ್ಟೆ’ ಅಂತ ಗೆಳೆಯ ಬೋನೋ ಸಮಾಧಾನ ಹೇಳಿದರೆ ಟ್ರಾಯ್ ಸಿಡಿದೇಳುತ್ತಾನೆ. ಬೇಗ ಅನ್ನುವ ಕಾಲವೇ ಇರಬಾರದಿತ್ತು ಅನ್ನುವುದು ಅವನ ವಾದ. ಆಡಬಲ್ಲವನನ್ನು ಆಡಲು ಬಿಡಬೇಕಿತ್ತು, ಅಷ್ಟೇ.

ನನ್ನ ಮಟ್ಟಿಗೆ ಇಡೀ ನಾಟಕ ನಿಂತಿರುವುದು ಈ ಜಗಳದ ಮೇಲೆ. ಮಗ ಕೋರಿಗೆ ಅಮೆರಿಕನ್ ಫುಟ್‌ಬಾಲ್ ಆಡಿ ಕಾಲೇಜಿಗೆ ಹೋಗುವ ಅವಕಾಶ ಬಾಗಿಲಿಗೆ ಬಂದಿದೆ. ಅಪ್ಪ ಸಹಿ ಹಾಕುವುದಿಲ್ಲ. ಬಿಳಿಯರು ನಿನ್ನನ್ನು ಆಟದಲ್ಲಿ ಎಲ್ಲಿಗೂ ಹೋಗಲು ಬಿಡುವುದಿಲ್ಲ, ಕೈಗೊಂದು ಕಸುಬು ಕಲಿ ಅನ್ನುತ್ತಾನೆ. ಕೋರಿ ಆಗ ಮೇಜರ್ ಲೀಗ್‌ನಲ್ಲಿ ಮಿಂಚುತ್ತಿದ್ದ ಕಪ್ಪು ಬ್ಯಾಟರ್ ಹ್ಯಾಂಕ್ ಆರನ್ ಹೆಸರು ಹೇಳುತ್ತಾನೆ. 1957 ಅಂದರೆ ಆರನ್‌ನ ಮಿಲ್ವಾಕೀ ಬ್ರೇವ್ಸ್ ತಂಡ ಮೇಜರ್ ಲೀಗ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದ ವರ್ಷ. ಒಂದೇ ಹಿತ್ತಿಲು, ಒಂದೇ ವರ್ಷ. ಮಗನ ಕಣ್ಣಿಗೆ ಬಾಗಿಲು ತೆರೆದಿದೆ, ಅಪ್ಪನ ಕಣ್ಣಿಗೆ ಅದು ಇನ್ನೂ ಮುಚ್ಚಿದೆ. ಇಬ್ಬರೂ ತಾವು ಕಂಡದ್ದನ್ನೇ ಹೇಳುತ್ತಿದ್ದಾರೆ.

ಹಾಗಾಗಿ ನನ್ನ ಅಭಿಪ್ರಾಯ ಇದು. ನಮಗೆ ತಾಕತ್ತಿದ್ದ ವಯಸ್ಸಿನಲ್ಲಿ ಯಾವ ಬಾಗಿಲು ತೆರೆದಿತ್ತು, ಯಾವುದು ಮುಚ್ಚಿತ್ತು ಅನ್ನುವುದರಿಂದ ತಲೆಮಾರು ಆಗುತ್ತದೆ. ಹುಟ್ಟಿದ ವರ್ಷದಿಂದ ಆಗುವುದು ಬರೀ ವಯಸ್ಸು.

ವಿಲ್ಸನ್ ಹುಟ್ಟಿ ಬೆಳೆದದ್ದು ಪಿಟ್ಸ್‌ಬರ್ಗ್‌ನ ಹಿಲ್ ಡಿಸ್ಟ್ರಿಕ್ಟ್‌ನಲ್ಲಿ, ಬೆಡ್‌ಫರ್ಡ್ ಅವೆನ್ಯೂ ಮೇಲೆ. ಅದೇ ಬೀದಿಯಲ್ಲಿ 1932ರಲ್ಲಿ ಗಸ್ ಗ್ರೀನ್‌ಲೀ ಎಂಬ ಕಪ್ಪು ವ್ಯಾಪಾರಿ ತನ್ನ ಪಿಟ್ಸ್‌ಬರ್ಗ್ ಕ್ರಾಫರ್ಡ್ಸ್ ತಂಡಕ್ಕೆಂದೇ ಗ್ರೀನ್‌ಲೀ ಫೀಲ್ಡ್ ಕಟ್ಟಿಸಿದ್ದ. ಸ್ಯಾಚಲ್ ಪೇಜ್, ಜಾಶ್ ಗಿಬ್ಸನ್, ಕೂಲ್ ಪಾಪಾ ಬೆಲ್, ಆಸ್ಕರ್ ಚಾರ್ಲ್ಸ್ಟನ್, ಜೂಡಿ ಜಾನ್ಸನ್, ಮುಂದೆ ಬೇಸ್‌ಬಾಲ್‌ನ ದೊಡ್ಡ ಗೌರವವಾದ ಹಾಲ್ ಆಫ್ ಫೇಮ್ ಸೇರಿದ ಐವರು ಈ ಒಂದೇ ತಂಡದಲ್ಲಿ ಆಡಿದವರು. 1938ರಲ್ಲಿ ಮೈದಾನ ಕೆಡವಿ ಸರ್ಕಾರಿ ವಸತಿ ಕಟ್ಟಿದರು. ವಿಲ್ಸನ್ ಹುಟ್ಟಿದ್ದು 1945ರಲ್ಲಿ. ಅಂದರೆ ಆ ಬೀದಿಯ ಹುಡುಗನಿಗೆ ಮೈದಾನ ಸಿಗಲಿಲ್ಲ, ಅದರ ಬಗ್ಗೆ ಮಾತಾಡುವ ಹಿರಿಯರು ಸಿಕ್ಕರು. ನೆಪೋಲಿಯನ್ ಬಗ್ಗೆ ಬರೆದ ಪ್ರಬಂಧ ನಿನ್ನದಲ್ಲ ಎಂದು ಮೇಷ್ಟ್ರು ಅನುಮಾನಿಸಿದ್ದಕ್ಕೆ 15ನೇ ವಯಸ್ಸಿಗೇ ಶಾಲೆ ಬಿಟ್ಟವರು ವಿಲ್ಸನ್. ಉಳಿದ ಓದೆಲ್ಲ ಕಾರ್ನೆಗಿ ಲೈಬ್ರರಿಯಲ್ಲಿ. ಆಮೇಲೆ ಇಪ್ಪತ್ತನೇ ಶತಮಾನದ ಒಂದೊಂದು ದಶಕಕ್ಕೆ ಒಂದೊಂದರಂತೆ ಹತ್ತು ನಾಟಕ ಬರೆದರು. ಒಂಬತ್ತು ಹಿಲ್ ಡಿಸ್ಟ್ರಿಕ್ಟ್‌ನಲ್ಲೇ ನಡೆಯುತ್ತವೆ.

ನಮ್ಮವರಿಗೆ ಪಿಟ್ಸ್‌ಬರ್ಗ್ ಅಂದರೆ ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನ. ಮುಂದಿನ ಸಲ ಹೋದಾಗ ಬೆಡ್‌ಫರ್ಡ್ ಅವೆನ್ಯೂಗೂ ಹೋಗಿ ಬನ್ನಿ. ವಿಲ್ಸನ್ ಹುಟ್ಟಿದ ಮನೆಯನ್ನು ದುರಸ್ತಿ ಮಾಡಿ 2022ರಲ್ಲಿ ಜನರಿಗೆ ತೆರೆದಿದ್ದಾರೆ.

ನಿಮಗೇನನ್ನಿಸುತ್ತದೆ? ಒಪ್ಪದವರು ಮೊದಲು ಬರೆಯಿರಿ.

ಮೂರನೇಬೇಸ್

ಬರಹ ಹಿಡಿಸಿತು. ಆದರೆ ಟ್ರಾಯ್ ಮಾತನ್ನು ಪೂರ್ತಿ ನಂಬಬೇಡಿ. ಸ್ಯಾಚಲ್ ಪೇಜ್ ಹುಟ್ಟಿದ್ದು 1906ರಲ್ಲಿ, ಟ್ರಾಯ್‌ಗಿಂತ ಎರಡೇ ವರ್ಷ ಚಿಕ್ಕವ. 1948ರಲ್ಲಿ, 42ನೇ ವಯಸ್ಸಿನಲ್ಲಿ ಕ್ಲೀವ್‌ಲ್ಯಾಂಡ್ ಪರ ಮೇಜರ್ ಲೀಗ್‌ಗೆ ಕಾಲಿಟ್ಟ, ಅದೇ ವರ್ಷ ತಂಡ ವರ್ಲ್ಡ್ ಸೀರೀಸ್ ಗೆದ್ದಿತು. ಹಾಗಾದರೆ ಬಾಗಿಲು ಪೇಜ್‌ಗೆ ತೆರೆದು ಟ್ರಾಯ್‌ಗೆ ಮಾತ್ರ ಮುಚ್ಚಿತ್ತೇ? ನಾಟಕದಲ್ಲೇ ಟ್ರಾಯ್ ಹೆಂಡತಿ ರೋಸ್ ನೇರವಾಗಿ ಹೇಳುತ್ತಾಳಲ್ಲ, ನಿನಗೆ ವಯಸ್ಸಾಗಿತ್ತು ಅಂತ. ಟ್ರಾಯ್ 15 ವರ್ಷ ಜೈಲಿನಲ್ಲಿದ್ದವನು, ಬೇಸ್‌ಬಾಲ್ ಕಲಿತದ್ದೇ ಅಲ್ಲಿ. ಒಬ್ಬನ ಬದುಕನ್ನು ಪೂರ್ತಿ ಕಾಲದ ತಲೆಗೆ ಕಟ್ಟಿದರೆ ಅವನು ಮಾಡಿದ್ದಕ್ಕೆ ಬೆಲೆ ಎಲ್ಲಿ?

ಹಿತ್ತಿಲಬೇಲಿ

ಪೇಜ್ ವಿಷಯ ಸರಿ. ಆದರೆ ಅವನು ಬೌಲ್ ಮಾಡುವವನು, ಅಂದರೆ ಪಿಚರ್. ನಲವತ್ತರ ನಂತರವೂ ಪಿಚರ್‌ನ ಜಾಣತನ ಉಳಿಯುತ್ತದೆ. ಬ್ಯಾಟರ್‌ಗೆ ಕಣ್ಣು, ಸೊಂಟ ಎರಡೂ ಬೇಕು. ಜೊತೆಗೆ ಪೇಜ್ ಒಂದು ದಿನವೂ ಆಟ ಬಿಟ್ಟವನಲ್ಲ, ಊರೂರು ತಿರುಗಿ ಆಡಿದ. ಅವನು ಒಳಹೋದದ್ದು ಬಾಗಿಲು ತೆರೆದಿತ್ತು ಅನ್ನುವುದಕ್ಕೆ ಸಾಕ್ಷಿ ನಿಜ. ಅಲ್ಲಿಗೆ ಮುಂಚಿನ ಇಪ್ಪತ್ತು ವರ್ಷ ಏನಾಯಿತು ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ.

ಜಾಶ್ ಗಿಬ್ಸನ್‌ನನ್ನೂ ನೋಡಿ. ಪಿಟ್ಸ್‌ಬರ್ಗ್‌ನವನೇ, ನೀಗ್ರೋ ಲೀಗ್‌ನ ಇನ್ನೊಂದು ತಂಡ ಹೋಮ್‌ಸ್ಟೆಡ್ ಗ್ರೇಸ್ ಪರವೂ ಆಡಿದ. 1947ರ ಜನವರಿಯಲ್ಲಿ 35ನೇ ವಯಸ್ಸಿಗೆ ತೀರಿಕೊಂಡ. ರಾಬಿನ್ಸನ್ ಕಣಕ್ಕಿಳಿಯಲು ಇನ್ನೂ ಮೂರು ತಿಂಗಳೂ ಇರಲಿಲ್ಲ. 2024ರ ಮೇ ತಿಂಗಳಲ್ಲಿ ಮೇಜರ್ ಲೀಗ್ ನೀಗ್ರೋ ಲೀಗ್‌ಗಳ ಅಂಕಿಗಳನ್ನು ತನ್ನ ದಾಖಲೆಗೆ ಸೇರಿಸಿಕೊಂಡಾಗ, ಅಲ್ಲಿಯವರೆಗೆ ಮೊದಲಿದ್ದ ಟೈ ಕಾಬ್‌ನನ್ನು ಹಿಂದಿಕ್ಕಿ ಜೀವಮಾನದ ಬ್ಯಾಟಿಂಗ್ ಸರಾಸರಿಯಲ್ಲಿ ಮೊದಲ ಸ್ಥಾನಕ್ಕೆ ಬಂದವನು ಗಿಬ್ಸನ್, .372. ಸತ್ತು 77 ವರ್ಷಗಳ ಮೇಲೆ. ಅವನ ಮಗಳು ಹರಿದ ಚಪ್ಪಲಿಯಲ್ಲಿ ಓಡಾಡುತ್ತಿದ್ದಾಳೆ ಅಂತ ಟ್ರಾಯ್ ಒಂದು ಕಡೆ ಹೇಳುತ್ತಾನೆ. ದಾಖಲೆ ಪುಸ್ತಕ ತಿದ್ದಬಹುದು, ಆ ಮಗಳ ಬಾಲ್ಯವನ್ನು ತಿದ್ದಲಾಗದು.

ರಂಗದಹಿಂದೆ

ನಾನು ಬೆಂಗಳೂರಿನಲ್ಲಿ ಹವ್ಯಾಸಿ ನಾಟಕ ಮಾಡುವವಳು, ಬೇಸ್‌ಬಾಲ್ ಗಂಧಗಾಳಿ ಇಲ್ಲ. ಆದರೂ ಈ ನಾಟಕ ಓದುವಾಗ ಎಲ್ಲೂ ತಡವರಿಸಲಿಲ್ಲ, ಯಾಕೆಂದರೆ ಆಟವೆಲ್ಲ ಜಗಳದೊಳಗೇ ಇದೆ. ರಂಗದ ಮೇಲೆ ಇರುವುದು ಏನು? ಅರ್ಧ ಕಟ್ಟಿದ ಬೇಲಿ, ಒಂದು ಮರ, ಮರಕ್ಕೆ ನೇತುಹಾಕಿದ ಚಿಂದಿಯ ಚೆಂಡು, ಬುಡಕ್ಕೆ ಒರಗಿಸಿಟ್ಟ ಬ್ಯಾಟು. ಅಪ್ಪ ಮಗನಿಗೆ ಎಚ್ಚರಿಕೆ ಕೊಡುವುದೂ ಆಟದ ಲೆಕ್ಕದಲ್ಲೇ. ಮೊದಲ ಅಂಕದ ಕೊನೆಗೆ, ‘ಬೀಸಿದೆ, ತಪ್ಪಿತು, ಇದು ಮೊದಲನೇ ಸ್ಟ್ರೈಕ್.’ ಎರಡನೇ ಅಂಕದಲ್ಲಿ ಎರಡನೆಯದು. ಮೂರನೇ ಸಲ ಮಗ ಅದೇ ಬ್ಯಾಟನ್ನು ಎತ್ತಿ ಅಪ್ಪನ ಎದುರು ನಿಲ್ಲುತ್ತಾನೆ. ಆ ಹೊತ್ತಿಗೆ ಪ್ರೇಕ್ಷಕರಿಗೆ ನಿಯಮ ಬಾಯಿಪಾಠವಾಗಿರುತ್ತದೆ: ಮೂರಾದರೆ ಔಟ್. ನಟರಿಗೆ ಇಷ್ಟು ಹಿಡಿತ ಕೊಡುವ ರಚನೆ ಅಪರೂಪ.

ನಿಮ್ಮ ವಾದದಲ್ಲಿ ನಾನು ಒಪ್ಪದ ಜಾಗ ಬೇರೆ. ನೀವು ಟ್ರಾಯ್‌ಗೆ ಬಹಳ ಮೃದುವಾಗಿದ್ದೀರಿ. ಟಿವಿ ದೃಶ್ಯ ನೆನಪಿಸಿಕೊಳ್ಳಿ. ಮಗ ಟಿವಿ ಕೊಳ್ಳೋಣ ಅನ್ನುತ್ತಾನೆ, ಇನ್ನೂರು ಡಾಲರ್. ಅಪ್ಪ ಸೂರಿಗೆ ಟಾರು ಹಾಕಿಸಲು 264 ಡಾಲರ್ ಬೇಕು, ಬ್ಯಾಂಕಿನಲ್ಲಿರುವುದು 73 ಡಾಲರ್ 22 ಸೆಂಟ್ ಅಂತ ಪೈಸೆ ಪೈಸೆ ಲೆಕ್ಕ ಬಿಚ್ಚಿಡುತ್ತಾನೆ. ಆಮೇಲೆ, ನೀನು ನೂರು ತಾ, ಉಳಿದ ನೂರು ನಾನು ಹಾಕುತ್ತೇನೆ ಅನ್ನುತ್ತಾನೆ. ಎಷ್ಟು ಒಳ್ಳೆಯ ಅಪ್ಪ! ಅದರ ಬೆನ್ನಿಗೇ ಮಗ, ನಿನಗೆ ಯಾವತ್ತೂ ನಾನು ಯಾಕೆ ಇಷ್ಟವಾಗಲಿಲ್ಲ ಅಂತ ಕೇಳಿದರೆ, ಇಷ್ಟಪಡಬೇಕು ಅಂತ ಯಾವ ಕಾನೂನಿದೆ ಅಂತ ಗದರುತ್ತಾನೆ. ಅನ್ನ ಹಾಕುವುದು ಹೊಣೆ, ಅದನ್ನು ಮಾಡುತ್ತಿದ್ದೇನೆ, ಮುಗಿಯಿತು.

ಹಾಗೆ ಮಾತಾಡಿದ್ದಕ್ಕೂ ಮೇಜರ್ ಲೀಗ್‌ಗೂ ಏನು ಸಂಬಂಧ? ನನಗನ್ನಿಸುವುದು, ಅವನು ಮಗನ ದಾರಿ ಮುಚ್ಚಿದ್ದು ಭಯದಿಂದ ಎಷ್ಟೋ ಹೊಟ್ಟೆಕಿಚ್ಚಿನಿಂದಲೂ ಅಷ್ಟೇ. ತನಗೆ ಮುಚ್ಚಿದ ಬಾಗಿಲನ್ನು ಮಗನಿಗೆ ತಾನೇ ಮುಚ್ಚುತ್ತಾನೆ. ಕೋಚ್ ಹತ್ತಿರ ಹೋಗಿ ಮಗನನ್ನು ತಂಡದಿಂದ ತೆಗೆಸಿದ್ದು ಬಿಳಿಯರಲ್ಲ, ಅಪ್ಪ. ನಿಮ್ಮ ಸಿದ್ಧಾಂತದಲ್ಲಿ ಇದಕ್ಕೆ ಜಾಗ ಬೇಕು.

ಹಿತ್ತಿಲಬೇಲಿ

ಇದು ಬಹಳ ಸರಿಯಾದ ಪೆಟ್ಟು. ಒಂದೇ ಮಾತು ಸೇರಿಸುತ್ತೇನೆ. ಟ್ರಾಯ್ ಅದೇ ದಿನಗಳಲ್ಲಿ ಕೆಲಸದ ಜಾಗದಲ್ಲಿ, ಡ್ರೈವ್ ಮಾಡುವವರೆಲ್ಲ ಬಿಳಿಯರು, ಕಸ ಎತ್ತುವವರೆಲ್ಲ ನಾವು, ಇದೇಕೆ ಅಂತ ಕೇಳಿ ಊರಿನ ಮೊದಲ ಕಪ್ಪು ಡ್ರೈವರ್ ಆಗುತ್ತಾನೆ. ತನ್ನ ಬಾಗಿಲನ್ನು ಒದ್ದು ತೆರೆಯಬಲ್ಲ ಅದೇ ಮನುಷ್ಯನಿಗೆ ಮಗನ ಬಾಗಿಲು ಕಾಣುವುದಿಲ್ಲ. ಹೊಟ್ಟೆಕಿಚ್ಚೇ ಇರಬಹುದು. ಆ ಹೊಟ್ಟೆಕಿಚ್ಚೂ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಬರುವ ಆಸ್ತಿಯೇ ಅಲ್ಲವೇ?

ಓದುಗಿ_ಎಡಿಸನ್

ಪುಸ್ತಕಗಳ ಕಡೆಗೂ ಬರೋಣ. ಅಪ್ಪ-ಮಕ್ಕಳ ಬೇಸ್‌ಬಾಲ್ ಅಂದರೆ ಎಲ್ಲವೂ ಟ್ರಾಯ್ ಮನೆಯ ಹಾಗಿಲ್ಲ. ಇತಿಹಾಸಕಾರ್ತಿ ಡೋರಿಸ್ ಕರ್ನ್ಸ್ ಗುಡ್‌ವಿನ್ 1997ರಲ್ಲಿ ಬರೆದ ಬಾಲ್ಯದ ಕಥನ ‘ವೇಟ್ ಟಿಲ್ ನೆಕ್ಸ್ಟ್ ಇಯರ್’ ಓದಿ. ಆರು ವರ್ಷದ ಹುಡುಗಿಗೆ ಅಪ್ಪ ಸ್ಕೋರ್ ಬರೆಯಲು ಕಲಿಸುತ್ತಾನೆ. ಮಧ್ಯಾಹ್ನ ಅವಳು ರೇಡಿಯೋ ಮುಂದೆ ಕೂತು ಬ್ರೂಕ್ಲಿನ್ ಡಾಜರ್ಸ್ ಆಟ ಕೇಳಿ ಪ್ರತಿ ಆಟಗಾರನ ಕತೆಯನ್ನು ಪುಸ್ತಕದಲ್ಲಿ ಗುರುತು ಹಾಕುತ್ತಾಳೆ, ಸಂಜೆ ಅಪ್ಪ ಕೆಲಸದಿಂದ ಬಂದಾಗ ಅದನ್ನು ನೋಡಿಕೊಂಡು ಇಡೀ ಆಟವನ್ನು ಹೇಳುತ್ತಾಳೆ. ಇತಿಹಾಸ ಹೇಳುವ ಕಲೆ ಅವಳಿಗೆ ಬಂದದ್ದೇ ಅಲ್ಲಿಂದ.

ಸ್ಕೋರ್ ಬರೆಯುವುದನ್ನು ನಾನೂ ಇಲ್ಲಿ ಬಂದ ಮೇಲೆ ಕಲಿತೆ. ಪಿಚರ್ 1, ಕ್ಯಾಚರ್ 2, ಹೀಗೆ ಒಂಬತ್ತು ಜಾಗಕ್ಕೂ ಒಂದೊಂದು ಸಂಖ್ಯೆ. ಚೆಂಡು ಎರಡನೇ, ಮೂರನೇ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ (6) ಕೈಗೆ ಬಂದು, ಎರಡನೇ ಬೇಸ್‌ನವನಿಗೆ (4) ಹೋಗಿ, ಅಲ್ಲಿಂದ ಮೊದಲನೇ ಬೇಸ್‌ಗೆ (3) ಹೋಗಿ ಇಬ್ಬರು ಔಟಾದರೆ ಬರೆಯುವುದು 6-4-3, ಅಷ್ಟೇ. ಎಪ್ಪತ್ತು ವರ್ಷದ ಹಿಂದಿನ ಹಾಳೆಯನ್ನೂ ಇವತ್ತು ಓದಿ ಆಟವನ್ನು ಕಣ್ಣೆದುರು ತಂದುಕೊಳ್ಳಬಹುದು. ಕ್ರಿಕೆಟ್ ಸ್ಕೋರ್‌ಬುಕ್ ನೋಡಿ ಬೆಳೆದವರಿಗೆ ಒಂದು ಸಂಜೆ ಸಾಕು.

ಇನ್ನೊಂದು ಪುಸ್ತಕ ರಾಜರ್ ಕಾನ್ ಅವರ ‘ದಿ ಬಾಯ್ಸ್ ಆಫ್ ಸಮ್ಮರ್’, 1972. ಪತ್ರಕರ್ತನಾಗಿ ತಾನು 1950ರ ದಶಕದ ಮೊದಲಲ್ಲಿ ಹಿಂಬಾಲಿಸಿದ ಡಾಜರ್ಸ್ ಆಟಗಾರರನ್ನು ಅವರಿಗೆ ವಯಸ್ಸಾದ ಮೇಲೆ ಮನೆಮನೆಗೆ ಹೋಗಿ ಮಾತಾಡಿಸುತ್ತಾರೆ. ಕಾರ್ಲ್ ಫುರಿಲ್ಲೋ ವರ್ಲ್ಡ್ ಟ್ರೇಡ್ ಸೆಂಟರ್ ಕಟ್ಟಡದಲ್ಲಿ ಲಿಫ್ಟ್ ಬಾಗಿಲು ಕೂರಿಸುವ ಕೆಲಸದಲ್ಲಿದ್ದಾನೆ. ರಾಯ್ ಕ್ಯಾಂಪನೆಲ್ಲಾ 1958ರ ಕಾರು ಅಪಘಾತದಿಂದ ಗಾಲಿಕುರ್ಚಿಯಲ್ಲಿ. ತಂಡವೇ 1957ರ ನಂತರ ಲಾಸ್ ಏಂಜಲೀಸ್‌ಗೆ ಹೋಯಿತು, 1960ರಲ್ಲಿ ಎಬೆಟ್ಸ್ ಫೀಲ್ಡ್ ಕೆಡವಿದರು. ಬ್ರೂಕ್ಲಿನ್‌ನಲ್ಲಿ ಆ ಕಾಲದ ಎಂಟು ವರ್ಷದ ಮಗುವೂ ಅರವತ್ತು ವರ್ಷದ ಅಜ್ಜನೂ ಒಂದೇ ತಲೆಮಾರು, ತಂಡ ಕಳೆದುಕೊಂಡವರ ತಲೆಮಾರು. ಹಾಗಾಗಿ ಮೂಲ ಬರಹದ ಜೊತೆ ನಾನಿದ್ದೇನೆ, ಬಾಗಿಲಿನ ಜೊತೆಗೆ ನಷ್ಟವನ್ನೂ ಸೇರಿಸಿಕೊಳ್ಳಿ.

ಹಳೆಸಂಚಿಕೆ

ಕನ್ನಡ ಓದುಗರಿಗೆ ಇದು ಹೊಸ ವಿಚಾರವೇನಲ್ಲ. ನಾವು ಸಾಹಿತ್ಯದಲ್ಲಿ ನವೋದಯ, ಪ್ರಗತಿಶೀಲ, ನವ್ಯ, ದಲಿತ-ಬಂಡಾಯ ಅಂತಲೇ ತಲೆಮಾರು ಎಣಿಸಿಕೊಂಡು ಬಂದವರು. ಅಡಿಗರು ಹುಟ್ಟಿದ್ದು 1918, ಅನಂತಮೂರ್ತಿ 1932, ಲಂಕೇಶ್ 1935. ಅಮೆರಿಕದ ಲೆಕ್ಕದಲ್ಲಿ ಅಡಿಗರು ಬೇರೆ ಕಂಪಾರ್ಟ್‌ಮೆಂಟ್, ಉಳಿದಿಬ್ಬರು ಬೇರೆ. ನಮಗೆ ಮೂವರೂ ನವ್ಯರು. ಯಾವುದನ್ನು ಎದುರಿಸಿ ಬರೆದರು ಅನ್ನುವುದೇ ಗುರುತು.

ಸರತಿಸಾಲು

ಇಷ್ಟು ದಿನ ಓದಿಕೊಂಡಿದ್ದವನು, ಇವತ್ತು ಬರೆಯಲೇಬೇಕು ಅನ್ನಿಸಿತು. ನಾಟಕದ ಕೊನೆಯ ದೃಶ್ಯ ನಡೆಯುವುದು 1965ರಲ್ಲಿ, ಟ್ರಾಯ್ ಶವಸಂಸ್ಕಾರದ ದಿನ. ಅದೇ ವರ್ಷ ಸೆಪ್ಟೆಂಬರ್ 25ರಂದು ಸ್ಯಾಚಲ್ ಪೇಜ್ 59ನೇ ವಯಸ್ಸಿನಲ್ಲಿ ಕ್ಯಾನ್ಸಸ್ ಸಿಟಿ ಪರ ಕೊನೆಯ ಬಾರಿ ಮೇಜರ್ ಲೀಗ್‌ನಲ್ಲಿ ಆಡಿದ. ಮೂರು ಇನ್ನಿಂಗ್ಸ್, ಒಂದೇ ಹಿಟ್, ಸೊನ್ನೆ ರನ್. ಅದಾದ ಎಂಟನೇ ದಿನ, ಅಕ್ಟೋಬರ್ 3ರಂದು, ಅಧ್ಯಕ್ಷ ಜಾನ್ಸನ್ ಲಿಬರ್ಟಿ ಪ್ರತಿಮೆಯ ಬುಡದಲ್ಲಿ ಹೊಸ ವಲಸೆ ಕಾನೂನಿಗೆ ಸಹಿ ಹಾಕಿದರು. ಅಲ್ಲಿಯವರೆಗೆ ಭಾರತಕ್ಕೆ ಇದ್ದ ಕೋಟಾ ವರ್ಷಕ್ಕೆ ನೂರು ಜನ. ನಮ್ಮ ಕಡೆಯ ಡಾಕ್ಟರುಗಳು, ಎಂಜಿನಿಯರುಗಳು ಬಂದದ್ದು, ಪೆನ್ ಹಿಲ್ಸ್‌ನಲ್ಲಿ ದೇವಸ್ಥಾನ ಎದ್ದದ್ದು, ಊರೂರಿಗೆ ಕನ್ನಡ ಕೂಟ ಹುಟ್ಟಿದ್ದು ಎಲ್ಲ ಅದರ ನಂತರ. ಜನಾಂಗ ನೋಡಿ ಬಾಗಿಲು ಮುಚ್ಚುವುದು ತಪ್ಪು ಅಂತ ಈ ದೇಶಕ್ಕೆ ಒಪ್ಪಿಸಿದ್ದು ನಾಗರಿಕ ಹಕ್ಕುಗಳ ಹೋರಾಟ. ಅಂದರೆ ನಾವು ಒಳಗೆ ಬಂದ ಬಾಗಿಲನ್ನು ದೂಡಿದ ಕೈಗಳಲ್ಲಿ ಟ್ರಾಯ್‌ನಂಥವರ ಕೈಗಳೂ ಇದ್ದವು. ನಮ್ಮ ಕೂಟಗಳಲ್ಲಿ ಈ ಮಾತು ಕೇಳಿಬರುವುದು ತೀರಾ ಕಡಿಮೆ, ಅದು ನನಗೆ ನೋವು.

ಇನ್ನು ನಮ್ಮೊಳಗೇ ನೋಡಿ. ಎಪ್ಪತ್ತರ ದಶಕದಲ್ಲಿ ಬಂದವರಿಗೆ ಗ್ರೀನ್ ಕಾರ್ಡ್ ಬೇಗ ಸಿಕ್ಕಿತು. ನಾನು ಎಚ್-1ಬಿ ಎಂಬ ಕೆಲಸದ ವೀಸಾ ಮೇಲೆ ಬಂದವನು, ಭಾರತದಲ್ಲಿ ಹುಟ್ಟಿದವರ ಉದ್ದ ಸಾಲಿನಲ್ಲಿ ಇನ್ನೂ ನಿಂತಿದ್ದೇನೆ. ನನ್ನ ಮಗಳು ಅಂಬೆಗಾಲಿಡುವಾಗ ಇಲ್ಲಿಗೆ ಬಂದಳು, ಸಾಫ್ಟ್‌ಬಾಲ್‌ನಲ್ಲಿ ಶಾಲೆಯ ತಂಡದ ಕ್ಯಾಚರ್. 21 ತುಂಬಿದ ದಿನ ಅವಳು ನನ್ನ ಅರ್ಜಿಯಿಂದ ಹೊರಬೀಳುತ್ತಾಳೆ, ಬೇರೆ ವೀಸಾ ಹುಡುಕಬೇಕು, ಸಿಗದಿದ್ದರೆ ಹೊರಡಬೇಕು. ಅವಳ ಪಕ್ಕದ ಬೆಂಚಿನ ಗೆಳತಿ ಇಲ್ಲೇ ಹುಟ್ಟಿದವಳು. ಇಬ್ಬರೂ ಜೆನ್ ಝೀ ಅನ್ನುತ್ತಾರೆ. ಯಾವ ಅರ್ಥದಲ್ಲಿ?

ಆಟವನ್ನು ಅಷ್ಟು ನಂಬಬೇಡ, ಓದು ನೋಡಿಕೋ ಅಂತ ನಾನು ಅವಳಿಗೆ ಹೇಳುತ್ತಿರುತ್ತೇನೆ. ಕೋರಿ ದೃಶ್ಯ ಓದಿದ ಮೇಲೆ ಆ ಮಾತು ಗಂಟಲಿಂದ ಹೊರಡುವುದು ಕಷ್ಟವಾಗಿದೆ.

ರಂಗದಹಿಂದೆ

@ಸರತಿಸಾಲು, ನೀವು ಟ್ರಾಯ್ ಅಲ್ಲ. ಅವನು ಮಗನಿಗೆ ಏನನ್ನೂ ಕೇಳಲಿಲ್ಲ. ಅವಳನ್ನು ಕೂರಿಸಿ ಈ ಭಯವನ್ನೇ ಹೇಳಿಬಿಡಿ.

ಮೂರನೇಬೇಸ್

ಸರತಿಸಾಲು ಬರೆದದ್ದು ಓದಿ ನನ್ನ ಮೊದಲ ಆಕ್ಷೇಪ ಸ್ವಲ್ಪ ಸಡಿಲವಾಗಿದೆ. ನಲವತ್ತೆರಡಕ್ಕೆ ಪೇಜ್ ಒಳಹೋದ ಅನ್ನುವುದು ಮುಚ್ಚಿದ ವರ್ಷಗಳಿಗೆ ಪರಿಹಾರವಲ್ಲ, ನಿಜ.

ನಟ ಜೇಮ್ಸ್ ಅರ್ಲ್ ಜೋನ್ಸ್ ಬಗ್ಗೆ ಒಂದು ವಿಷಯ. 1987ರಲ್ಲಿ ಬ್ರಾಡ್‌ವೇನಲ್ಲಿ ಟ್ರಾಯ್ ಆಗಿ ರಂಗಭೂಮಿಯ ಟೋನಿ ಪ್ರಶಸ್ತಿ ಪಡೆದವರು ಅವರು. ಎರಡೇ ವರ್ಷಕ್ಕೆ ‘ಫೀಲ್ಡ್ ಆಫ್ ಡ್ರೀಮ್ಸ್’ ಸಿನಿಮಾದಲ್ಲಿ ಲೇಖಕನ ಪಾತ್ರ ಮಾಡಿ, ಜೋಳದ ಹೊಲದ ಪಕ್ಕ ನಿಂತು, ಎಲ್ಲ ಬದಲಾದರೂ ಬೇಸ್‌ಬಾಲ್ ಬದಲಾಗದೆ ಉಳಿದಿದೆ ಅನ್ನುವ ಪ್ರಸಿದ್ಧ ಭಾಷಣ ಮಾಡಿದರು. ಸಿನಿಮಾಗೆ ಮೂಲವಾದ ಕಾದಂಬರಿಯಲ್ಲಿ ಆ ಜಾಗದಲ್ಲಿರುವುದು ಬಿಳಿಯ ಲೇಖಕ ಸಾಲಿಂಜರ್. ಸಿನಿಮಾದಲ್ಲಿ ಹೊಲದಿಂದ ಎದ್ದುಬರುವವರು 1919ರ ಶಿಕಾಗೋ ವೈಟ್ ಸಾಕ್ಸ್ ಆಟಗಾರರು. ಆ ವರ್ಷ ಮೇಜರ್ ಲೀಗ್‌ನಲ್ಲಿ ಒಬ್ಬ ಕಪ್ಪು ಆಟಗಾರನೂ ಇರಲಿಲ್ಲ. ಆ ಸಿನಿಮಾ ನೋಡಿ ಅತ್ತವನು ನಾನು, ಈಗಲೂ ಅಳುತ್ತೇನೆ. ಆದರೆ ಅದೇ ದನಿ ಟ್ರಾಯ್ ಮಾತನ್ನೂ ಆಡಿದೆ ಅನ್ನುವುದು ಗೊತ್ತಾದ ಮೇಲೆ ಆ ಭಾಷಣ ಬೇರೆಯಾಗಿ ಕೇಳುತ್ತದೆ.

ಬದಲಾಗದ್ದು ಅನ್ನುವುದೂ ಸರಿಯಲ್ಲ. 2023ರಿಂದ ಪಿಚರ್ ಇಷ್ಟೇ ಸೆಕೆಂಡಿನೊಳಗೆ ಚೆಂಡು ಎಸೆಯಬೇಕೆನ್ನುವ ಪಿಚ್ ಕ್ಲಾಕ್ ಬಂದು ಆಟ ಸರಾಸರಿ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಚಿಕ್ಕದಾಗಿದೆ. ಯುವಕರಿಗಾಗಿ ಮಾಡಿದ್ದು ಅಂದರು, ನನ್ನ ಜೊತೆ ಆಟಕ್ಕೆ ಬರುವ ಎಪ್ಪತ್ತರ ನೆರೆಯವರೇ ಹೆಚ್ಚು ಖುಷಿಯಾಗಿದ್ದಾರೆ.

ಓದುಗಿ_ಎಡಿಸನ್

ನಡುವಯಸ್ಸಿನಲ್ಲಿ ಆಟಕ್ಕೆ ಬಿದ್ದ ನಮ್ಮಂಥವರಿಗೆ ರಿಚರ್ಡ್ ಗ್ರೀನ್‌ಬರ್ಗ್ ಅವರ ‘ಟೇಕ್ ಮೀ ಔಟ್’ ಇದೆ, 2003ರಲ್ಲಿ ಟೋನಿ ಪಡೆದ ನಾಟಕ. ಅದರಲ್ಲಿ ಮೇಸನ್ ಎಂಬ ಹಣಕಾಸು ಸಲಹೆಗಾರ, ಜೀವಮಾನದಲ್ಲಿ ಆಟ ನೋಡದವನು, ಒಬ್ಬ ಆಟಗಾರನ ಲೆಕ್ಕ ನೋಡಿಕೊಳ್ಳಲು ಬಂದು ಬೇಸ್‌ಬಾಲ್‌ಗೆ ಮನಸೋಲುತ್ತಾನೆ. ಈ ಆಟ ಪ್ರಜಾಪ್ರಭುತ್ವಕ್ಕಿಂತ ಮೇಲು ಅಂತ ಅವನು ಮಾಡುವ ವಾದವನ್ನು ಹೊಸಬರು ಓದಲೇಬೇಕು.

ಮೈಸೂರು_ಹೊಸಬ

ಹತ್ತು ನಾಟಕದಲ್ಲಿ ಯಾವುದರಿಂದ ಶುರು ಮಾಡಲಿ? ದಶಕದ ಕ್ರಮದಲ್ಲೇ ಓದಬೇಕೇ?

ಹಿತ್ತಿಲಬೇಲಿ

ಬೇಕಿಲ್ಲ, ವಿಲ್ಸನ್ ಬರೆದದ್ದೂ ಆ ಕ್ರಮದಲ್ಲಲ್ಲ. ‘ಫೆನ್ಸಸ್’ ಮೊದಲು ಓದಿ. ಆಮೇಲೆ 1936ರಲ್ಲಿ ನಡೆಯುವ ‘ದಿ ಪಿಯಾನೋ ಲೆಸನ್’. ಮುತ್ತಜ್ಜ ಕೆತ್ತಿದ ಪಿಯಾನೋವನ್ನು ಮಾರಿ ಜಮೀನು ಕೊಳ್ಳಬೇಕು ಅನ್ನುವ ತಮ್ಮ, ಮಾರಕೂಡದು ಅನ್ನುವ ಅಕ್ಕ. ಇಬ್ಬರೂ ಒಂದೇ ವಾರಗೆಯವರು, ಆದರೂ ಹಿರಿಯರ ವಿಷಯದಲ್ಲಿ ಒಂದು ಮಾತಿಗೂ ಒಪ್ಪುವುದಿಲ್ಲ. ನನ್ನ ವಾದಕ್ಕೆ ಅದು ದೊಡ್ಡ ಅಡ್ಡಿ, ಓದಿ ಬಂದು ಬರೆಯಿರಿ. ರಂಗದಹಿಂದೆ ಅವರೇ, ನಿಮ್ಮ ತಂಡ ಟಿವಿ ದೃಶ್ಯವನ್ನು ವಾಚನ ಮಾಡುವುದಾದರೆ ಆಡಿಯೋ ಇಲ್ಲೇ ಹಾಕಿ, ಸ್ಟ್ರೈಕ್ ಲೆಕ್ಕದ ಅನುಮಾನ ಬಂದರೆ ಮೂರನೇಬೇಸ್ ಮತ್ತು ನಾನು ಇದ್ದೇವೆ.